ಶ್ರಾವಕನ ದಿನಚರ್ಯೆ



ಮುನಿಗಳ ದಿನವೆಲ್ಲವೂ ಧರ್ಮಸಾಧನೆಗೆ ಮೀಸಲು. ಗೃಹಸ್ಥನಿಗೆ ಹಾಗಲ್ಲ. ಕೃಷಿ, ಉದ್ಯೋಗ, ಮಕ್ಕಳ ವಿದ್ಯಾಭ್ಯಾಸ, ವೃದ್ಧರ ಶುಶ್ರೂಷೆ ಇವೆಲ್ಲವೂ ಅವನ ದಿನವನ್ನು ಹಂಚಿಕೊಳ್ಳುತ್ತವೆ. ಆದುದರಿಂದಲೇ ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನವೆಂಬ ಷಟ್ಕರ್ಮಗಳನ್ನು ಅವನಿಗೆ ನಿತ್ಯಕರ್ತವ್ಯವೆಂದು ವಿಧಿಸಲಾಗಿದೆ. 13ನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರ ಧರ್ಮಾಮೃತ’ದಲ್ಲಿ ಶ್ರಾವಕನ ದಿನಚರ್ಯೆಗಾಗಿಯೇ ಒಂದು ಅಧ್ಯಾಯವನ್ನು ಬರೆದಿದ್ದಾರೆ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಪಂಚನಮಸ್ಕಾರವನ್ನು ಜಪಿಸಿ, ತಾನು ಯಾರು, ತನ್ನ ಧರ್ಮವೇನು, ತಾನು ಹಿಡಿದ ವ್ರತವೇನು ಎಂದು ವಿಚಾರಿಸಿಕೊಳ್ಳುವುದರಿಂದ ಆ ದಿನಚರ್ಯೆ ಆರಂಭವಾಗುತ್ತದೆ.

ಆತ್ಮವಿಚಾರದ ಬಳಿಕ ದಿನದ ಎಲ್ಲೆಯನ್ನು ನಿರ್ಣಯಿಸಬೇಕು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ ನಾಲ್ಕು ಶಿಕ್ಷಾವ್ರತಗಳಲ್ಲಿ ಮೊದಲನೆಯದು ದೇಶಾವಕಾಶಿಕ. ಜೀವಾವಧಿಗೆ ಹಿಡಿದ ದಿಗ್ವ್ರತದ ಮೇರೆಯನ್ನು ನಿಯತಕಾಲಕ್ಕೆ ಮತ್ತಷ್ಟು ಕಿರಿದುಗೊಳಿಸುವುದೇ ಅದರ ಸ್ವರೂಪ. ಮನೆ, ಗ್ರಾಮ, ಹೊಲ, ನದಿ ಮೊದಲಾದವನ್ನೇ ಆಚಾರ್ಯರು ಮೇರೆಯಾಗಿ ಸೂಚಿಸಿದ್ದಾರೆ. ಸುಳ್ಯದ ಸಮೀಪದ ಜಾಲ್ಸೂರಿನಲ್ಲಿ ಈ ವ್ರತದ ಅರ್ಥ ಕಣ್ಣಿಗೇ ಕಾಣುತ್ತದೆ. ಮಾಣಿ-ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ಕಡೆಯ ಮಾರ್ಗ ಕವಲೊಡೆಯುವುದು ಅಲ್ಲಿಯೇ. ಪುತ್ತೂರಿನ ಪೇಟೆ, ಸುಳ್ಯದ ಕಚೇರಿ, ಗಡಿಯಾಚೆಯ ನಂಟರ ಮನೆ, ಎಲ್ಲಿಗೆ ಹೋಗಲೂ ದಾರಿಯಿದೆ, ಕಾರಣವೂ ಇದೆ. ಆ ದಿನ ಎಲ್ಲಿಗೆ ಹೋಗಲೇಬೇಕು, ಎಲ್ಲಿಗೆ ಬೇಡ ಎಂಬುದನ್ನು ಪ್ರಾತಃಕಾಲದಲ್ಲಿಯೇ ನಿಶ್ಚಯಿಸಿಕೊಂಡವನು ಸಂಜೆ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾನೆ. ಕೈಯಲ್ಲಿರುವ ಮೊಬೈಲಿಗೂ ಇಂತಹ ಎಲ್ಲೆ ಬೇಕು. ದೇಹ ಮನೆಯೊಳಗಿದ್ದು ಮನಸ್ಸು ನಿಷ್ಪ್ರಯೋಜಕವಾಗಿ ಊರೂರು ಅಲೆದರೆ ಅದು ಅನರ್ಥದಂಡವೇ ಸರಿ.

ಎರಡನೆಯ ಎಲ್ಲೆ ಸೂರ್ಯನದು. ರಾತ್ರಿಭೋಜನ ತ್ಯಾಗಿಯು ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಇರುವಾಗಲೇ ಊಟ ಮುಗಿಸುವುದು ಉತ್ತಮ. ಈ ಭಾಗದಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ಸುಮಾರು 7 ಗಂಟೆಗೆ. ನವೆಂಬರ್ ಕೊನೆಗೆ ಸುಮಾರು 6 ಗಂಟೆಗೆ. ಮಳೆಗಾಲದಲ್ಲಿ 6 ಗಂಟೆಯ ಮೇಲೆ ಮುಗಿಯುತ್ತಿದ್ದ ಊಟ ಚಳಿಗಾಲದಲ್ಲಿ 5 ಗಂಟೆಯ ಸುಮಾರಿಗೇ ಮುಗಿಯಬೇಕಾಗುತ್ತದೆ.

ಈಗ ಒಂದು ಅಡಿಕೆ ತೋಟದ ಮನೆಯನ್ನು ಭಾವಿಸಿರಿ. ಕೊಳೆರೋಗ ಬಾರದಂತೆ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಮಳೆ ಹೊಳವಾದ ಹೊತ್ತಿನಲ್ಲಿ ಮಾತ್ರ ಆ ಕೆಲಸ ಸಾಧ್ಯ. ಯಜಮಾನನು ತೋಟದಿಂದ ಬಂದು, ಸ್ನಾನ ಮಾಡಿ, ಹೊತ್ತಿರುವಾಗಲೇ ಉಂಡು ಸಾಮಾಯಿಕಕ್ಕೆ ಕುಳಿತುಕೊಳ್ಳುತ್ತಾನೆ. ಅವನ ವ್ರತಕ್ಕೆ ಭಂಗವಿಲ್ಲ. ಆದರೆ ಕೆಲಸದವರಿಗೆ ಬಡಿಸಿ, ಶಾಲೆಯಿಂದ ಬಂದ ಮಕ್ಕಳಿಗೆ ಉಣಿಸಿ, ಅತ್ತೆಗೆ ಔಷಧಿ ಕೊಟ್ಟು ಗೃಹಿಣಿಯು ತನ್ನ ಎಲೆ ಹಾಕಿಕೊಳ್ಳುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ವ್ರತವನ್ನು ಮುರಿಯಬೇಕು, ಇಲ್ಲವೆ ಹಸಿದು ಮಲಗಬೇಕು. ನಿಷ್ಠಾವಂತಳಾದ ಅವಳು ಹಸಿದೇ ಮಲಗುತ್ತಾಳೆ. ಮನೆಯವರು ಅದನ್ನು ಉಪವಾಸವೆಂದು ಹೊಗಳುತ್ತಾರೆ. ಸಂಕಲ್ಪಪೂರ್ವಕವಾದ ಆಹಾರತ್ಯಾಗವೇ ಉಪವಾಸ. ಉಣ್ಣಲು ಹೊತ್ತು ಸಿಗದೆ ತಪ್ಪಿದ ಊಟಕ್ಕೆ ಆ ಹೆಸರು ಸಲ್ಲದು.

ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತಿನ ಮೇಲೆ ಮಿತಿಮೀರಿ ಹೊರೆ ಹೇರುವುದು, ಕಟ್ಟಿದ ಹಸುವಿಗೆ ಹೊತ್ತಿಗೆ ಹುಲ್ಲು ನೀರು ಕೊಡದಿರುವುದು ದೋಷವೆಂದು ಶ್ರಾವಕರೆಲ್ಲ ಬಲ್ಲರು. ತನ್ನ ಮನೆಯ ಸ್ತ್ರೀಯರ ಮೇಲೆ, ಕೆಲಸದವರ ಮೇಲೆ ಹೇರಿದ ಭಾರವೂ ಅತಿಭಾರವೇ ಅಲ್ಲವೆ? ಅವರಿಗೆ ತಪ್ಪಿದ ಊಟವೂ ಅನ್ನಪಾನನಿರೋಧವೇ ಅಲ್ಲವೆ? ಒಬ್ಬನ ವ್ರತಪಾಲನೆ ಮತ್ತೊಬ್ಬರ ಹಸಿವಿನ ಮೇಲೆ ನಿಂತಿದ್ದರೆ ಆ ವ್ರತಕ್ಕೆ ಕಲಂಕ ತಪ್ಪಿದ್ದಲ್ಲ.

ಹಾಗಾದರೆ ದಿನಚರ್ಯೆಯನ್ನು ರೂಪಿಸುವುದು ಹೇಗೆ? ಮನೆಯಲ್ಲಿ ಕೊನೆಗೆ ಉಣ್ಣುವವರ ಕೊನೆಯ ತುತ್ತಿನಿಂದ ಹಿಂದಕ್ಕೆ ಎಣಿಸಬೇಕು. ನವೆಂಬರಿನಲ್ಲಿ ಆ ತುತ್ತು 5 ಗಂಟೆಯ ಸುಮಾರಿಗೆ ಮುಗಿಯಬೇಕಾದರೆ ಒಲೆ ಹೊತ್ತುವುದು ಯಾವಾಗ, ತೋಟದ ಕೆಲಸ ನಿಲ್ಲುವುದು ಯಾವಾಗ ಎಂಬುದನ್ನು ಎಲ್ಲರೂ ಕೂಡಿ ನಿಶ್ಚಯಿಸಬೇಕು. ಕಚೇರಿಗೆ ಹೋಗುವವರು ಸಂಜೆಯ ಬುತ್ತಿಯನ್ನೂ ಜೊತೆಗೆ ಒಯ್ಯಲಿ. ನೀರು ಸೋಸುವುದು, ತರಕಾರಿ ಹೆಚ್ಚುವುದು, ಬಡಿಸುವುದು ಇವುಗಳಲ್ಲಿ ಗಂಡಸರೂ ಮಕ್ಕಳೂ ಕೈಗೂಡಿಸಲಿ. ವೈಯಾವೃತ್ತ್ಯವು ಮುಖ್ಯವಾಗಿ ಸಂಯಮಿಗಳ ಸೇವೆ. ಆ ಸೇವೆಗೆ ಬೇಕಾದ ವಿನಯವನ್ನು ಕಲಿಯಲು ತನ್ನ ಮನೆಯ ಅಡುಗೆಮನೆಗಿಂತ ಹತ್ತಿರದ ಪಾಠಶಾಲೆಯಿಲ್ಲ. ಹೀಗೆ ಉಳಿದ ಹೊತ್ತಿನಲ್ಲಿ ಗೃಹಿಣಿಗೂ ಒಂದು ಮುಹೂರ್ತದ ಸಾಮಾಯಿಕ ದೊರೆಯುತ್ತದೆ. ಹೊತ್ತಿಗೆ ಉಂಡು, ಅರಗಿದ ಮೇಲೆ ಮಲಗುವುದರಿಂದ ಎಲ್ಲರ ಶರೀರಕ್ಕೂ ಹಿತವಾಗುತ್ತದೆ.

ರಾತ್ರಿ ಪ್ರತಿಕ್ರಮಣಕ್ಕೆ ಕುಳಿತ ಶ್ರಾವಕನು ತನ್ನ ವ್ರತ ಉಳಿಯಿತೆ ಎಂದು ಕೇಳಿಕೊಳ್ಳುವುದುಂಟು. ಅದರೊಡನೆ, ತನ್ನ ವ್ರತವನ್ನು ಉಳಿಸಲು ಮನೆಯಲ್ಲಿ ಯಾರ ವ್ರತ ಕೆಟ್ಟಿತು, ಯಾರು ಹಸಿದರು ಎಂದೂ ಕೇಳಿಕೊಳ್ಳಲಿ. ಯಾರೂ ಇಲ್ಲವೆಂಬ ಉತ್ತರ ಬಂದ ದಿನ ಆ ಮನೆಯ ದಿನಚರ್ಯೆ ಧರ್ಮಚರ್ಯೆಯಾಗುತ್ತದೆ.