ರಾಶಿಯೋ, ಒಂದೇ ವಸ್ತುವೋ?

ನೂಲು ನೇಯ್ದರೆ ಬಟ್ಟೆ. ಹಾಗಾದ ಬಟ್ಟೆ ನೂಲುಗಳ ಗುಂಪಿಗೆ ನಾವಿಟ್ಟ ಹೆಸರು ಮಾತ್ರವೋ, ನೂಲುಗಳಲ್ಲಿ ಹೊಸದಾಗಿ ಹುಟ್ಟಿದ ಇನ್ನೊಂದು ವಸ್ತುವೋ? ನಮ್ಮ ದರ್ಶನಗಳಲ್ಲಿ ಇದು ಶತಮಾನಗಳ ಜಗಳ. ಎರಡನೆಯದೇ ಸರಿ ಎಂದವರು ನ್ಯಾಯ-ವೈಶೇಷಿಕರು. ಭಾಗಗಳು ಅವಯವ, ಅವುಗಳಲ್ಲಿ ಹುಟ್ಟುವ ಹೊಸ ವಸ್ತು ಅವಯವಿ. ಬೌದ್ಧರು ಒಪ್ಪಲಿಲ್ಲ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದಾಗಿ ಕೇಳುತ್ತಾ ಹೋದ ಭಿಕ್ಷು ನಾಗಸೇನ, ರಥವೆಂಬುದು ಬರೀ ವ್ಯವಹಾರದ ಮಾತು ಎಂಬಲ್ಲಿಗೆ ಮಿಲಿಂದ ರಾಜನನ್ನು ತಂದು ನಿಲ್ಲಿಸಿದ.

ಪಂಡಿತರಿಗೆ ಬೇರೆ ಕೆಲಸವಿರಲಿಲ್ಲ ಅನ್ನಿಸಬಹುದು. ಆದರೆ ಇದೇ ಜಗಳ 1920ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರ ನಡುವೆ ಮತ್ತೆ ಎದ್ದಿತು. ರಬ್ಬರು, ಹತ್ತಿಯ ಸೆಲ್ಯುಲೋಸ್ ಮೊದಲಾದವು ಸಣ್ಣ ಅಣುಗಳು ಒಂದಕ್ಕೊಂದು ಅಂಟಿ ನಿಂತ ಮುದ್ದೆಗಳಷ್ಟೇ ಎಂಬುದು ಆಗ ಹೆಚ್ಚಿನವರ ನಂಬಿಕೆ. ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಅಡ್ಡಮಾತು ತೆಗೆದರು: ಮುದ್ದೆಯಲ್ಲ, ಸಾವಿರಾರು ಘಟಕಗಳು ರಾಸಾಯನಿಕ ಬಂಧದಿಂದಲೇ ಬೆಸೆದುಕೊಂಡ ಒಂದೊಂದು ದೊಡ್ಡ ಅಣು. ಪರೀಕ್ಷೆಯೂ ಸೊಗಸಾಗಿತ್ತು. ರಬ್ಬರಿನ ಅಣುಗಳು ತಮ್ಮ ದ್ವಿಬಂಧಗಳ ಸೆಳೆತದಿಂದ ಗುಂಪುಗೂಡಿವೆ ಎಂದು ತಾನೇ ಎದುರಾಳಿಗಳ ವಾದ? ಹೈಡ್ರೋಜನ್ ಸೇರಿಸಿ ಆ ದ್ವಿಬಂಧಗಳನ್ನೇ ಇಲ್ಲವಾಗಿಸಿದರೆ ಗುಂಪು ಚದುರಬೇಕು. ಚದುರಲಿಲ್ಲ. ಆದರೂ ಜನ ಒಪ್ಪಲು ವರ್ಷಗಳು ಹಿಡಿದವು. ನೊಬೆಲ್ ಬಂದದ್ದು 1953ರಲ್ಲಿ.

ವೈಶೇಷಿಕರ ಇನ್ನೊಂದು ಮಾತು ಇಲ್ಲಿ ನನಗೆ ಬೆರಗು ಹುಟ್ಟಿಸುತ್ತದೆ. ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ. ಕಿಟಕಿಯ ಬಿಸಿಲುಕೋಲಿನಲ್ಲಿ ಕಾಣುವ ಕಣ ಅದು. ಕಣ್ಣಿಗೆ ಕಾಣುವಷ್ಟು ಗಾತ್ರ ಎಲ್ಲಿಂದ ಬಂತು? ಪರಮಾಣುವಿನ ಅಳತೆಯಿಂದಲ್ಲ, ಸಂಖ್ಯೆಯಿಂದ ಎನ್ನುತ್ತಾರೆ. ಎಷ್ಟು ಸೇರಿದವು ಎಂಬುದೇ ಒಂದು ಕಾರಣ. ಸ್ಟೌಡಿಂಗರ್ ಹೇಳಿದ ಆ ದೊಡ್ಡ ಅಣುಗಳಲ್ಲಿ, ಅಂದರೆ ಪಾಲಿಮರ್‌ಗಳಲ್ಲಿ ಆಗುವುದೂ ಹೀಗೇ. ಎಥಿಲೀನ್ ಒಂದು ಅನಿಲ. ಅದರ ದ್ವಿಬಂಧ ತೆರೆದು ಅಣುವಿನ ಬೆನ್ನಿಗೆ ಅಣು ಕೂಡಿಕೊಳ್ಳುತ್ತಾ ಹೋದರೆ ಇಪ್ಪತ್ತು–ಮೂವತ್ತು ಇಂಗಾಲದ ಹೊತ್ತಿಗೆ ಮೇಣದಂಥ ವಸ್ತು, ಸಾವಿರಗಳಿಗೆ ಬಂದರೆ ಬಿಂದಿಗೆ ಮಾಡುವ ಪಾಲಿಥೀನ್. ಲಕ್ಷ ದಾಟಿದರೆ ಕೃತಕ ಮಂಡಿಯಲ್ಲಿ ಕೂರಿಸುವಷ್ಟು ಸವೆಯದ ಪದಾರ್ಥ.

ಎಷ್ಟು ಸೇರಿದವು ಎಂಬುದಷ್ಟೇ ಅಲ್ಲ, ಹೇಗೆ ಸೇರಿದವು ಎಂಬುದೂ ಮುಖ್ಯ. ಅದನ್ನು ಕಣ್ಣಾರೆ ನೋಡಲು ಹೈದರಾಬಾದಿನ ಕೋಠಿಗೆ ಹೋಗಬೇಕು. ಅದಕ್ಕೆ ಅಂಟಿಕೊಂಡೇ ಇರುವ ಟ್ರೂಪ್ ಬಜಾರಿನಲ್ಲಿ ಪೈಪು, ನಲ್ಲಿ, ವೈರು, ಸ್ವಿಚ್ಚುಗಳ ಅಂಗಡಿಗಳು ಸಾಲುಗಟ್ಟಿವೆ. ಪಿವಿಸಿ ಪೈಪಿನ ತುದಿಯನ್ನು ಪ್ಲಂಬರ್ ಬೆಂಕಿಗೆ ಹಿಡಿದು ತಿರುಗಿಸುತ್ತಾನೆ. ಅದು ಮೆತ್ತಗಾಗುತ್ತದೆ, ಇನ್ನೊಂದು ಪೈಪನ್ನು ಒಳಗೆ ಒತ್ತಿದರೆ ಬಾಯಿ ಅಗಲವಾಗಿ ಕೂರುತ್ತದೆ, ಆರಿದ ಮೇಲೆ ಹಾಗೇ ಗಟ್ಟಿ. ಪಕ್ಕದ ಅಂಗಡಿಯ ಕಪ್ಪು ಬೇಕಲೈಟ್ ಬಲ್ಬ್ ಹೋಲ್ಡರಿಗೆ ಹೀಗೆ ಮಾಡಿದರೆ ಸುಟ್ಟು ಕರಕಲಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಕಾರಣ ಒಳಗಿನ ಕಟ್ಟಡ. ಪೈಪಿನಲ್ಲಿ ಸರಪಳಿಗಳು ಬಿಡಿಬಿಡಿ. ಪರಸ್ಪರ ಸೆಳೆತ ಮತ್ತು ತೊಡಕಿನಿಂದ ಒಟ್ಟಿಗಿವೆ, ಬಿಸಿಯಾದರೆ ಜಾರುತ್ತವೆ. ಹೋಲ್ಡರಿನಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ನೀರು ಬಿಟ್ಟುಕೊಡುತ್ತಾ ಕೂಡಿ ಎಲ್ಲ ದಿಕ್ಕಿಗೂ ಬಂಧ ಹಾಕಿಕೊಂಡಿವೆ. ಜಾರಲು ಬಿಡಿ ಎಳೆಯೇ ಇಲ್ಲ. ಮೊದಲನೆಯದು ಥರ್ಮೋಪ್ಲಾಸ್ಟಿಕ್, ಎರಡನೆಯದು ಥರ್ಮೋಸೆಟ್. ಗಂಧಕ ಬೆರೆಸಿ ಕಾಯಿಸಿದ ಟೈರಿನ ರಬ್ಬರಿನಲ್ಲಿ ಅಡ್ಡಬಂಧಗಳು ವಿರಳ, ಹಾಗಾಗಿ ಹಿಗ್ಗಿ ಮತ್ತೆ ಕುಗ್ಗುತ್ತದೆ.

ಅವಯವಿ ಇದೆ ಎನ್ನಲು ನ್ಯಾಯಸೂತ್ರ ಕೊಡುವ ಹೇತುಗಳಲ್ಲೊಂದು ಬಹಳ ಸರಳ: ಒಂದು ಕಡೆ ಹಿಡಿದರೆ ಇಡೀ ವಸ್ತು ಕೈಗೆ ಬರುತ್ತದೆ, ಒಂದು ತುದಿ ಎಳೆದರೆ ಉಳಿದದ್ದೂ ಬರುತ್ತದೆ. ಮರಳಿನ ರಾಶಿ ಹಾಗೆ ಬರುವುದಿಲ್ಲ. ಇದಕ್ಕೆ ಆ ಸೂತ್ರಗಳಿಗೆ ವಾತ್ಸ್ಯಾಯನ ಬರೆದ ಭಾಷ್ಯದಲ್ಲೇ ಒಂದು ಆಕ್ಷೇಪ ಬರುತ್ತದೆ. ಹುಲ್ಲು, ಕಲ್ಲು, ಕಟ್ಟಿಗೆಯನ್ನು ಅರಗಿನಿಂದ ಅಂಟಿಸಿದರೂ ಎಳೆದಾಗ ಒಟ್ಟಿಗೇ ಬರುತ್ತವೆ. ಅಲ್ಲಿ ಹೊಸ ವಸ್ತು ಹುಟ್ಟಿತೆನ್ನಬಹುದೇ? ಅಂಟಿಕೊಂಡಿರುವುದು ಬೇರೆ, ಒಂದಾಗುವುದು ಬೇರೆ. ಸ್ಟೌಡಿಂಗರ್ ಮತ್ತು ಅವರ ಎದುರಾಳಿಗಳ ನಡುವಿನ ಗೆರೆ ಇದೇ ಅಲ್ಲವೇ? (ಅಂದಹಾಗೆ, ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿನಲ್ಲಿ ಬಳೆಯಾಗುವ ಆ ಅರಗು ಸ್ವತಃ ಒಂದು ರಾಳ. ಅದರಿಂದ ತೆಗೆಯುವ ಚಪಡಾಕ್ಕೆ ಬದಲಿ ಹುಡುಕುತ್ತಲೇ ಲಿಯೋ ಬೇಕೆಲ್ಯಾಂಡ್ 1907ರಲ್ಲಿ ಬೇಕಲೈಟ್ ಮಾಡಿದ್ದು.)

ಅಂಟಿಕೊಂಡದ್ದೋ ಒಂದಾದದ್ದೋ ಎಂಬ ಅಳತೆಗೋಲಿನಿಂದ ನೋಡಿದರೆ ಪಿವಿಸಿ ಪೈಪು ಅವಯವಿಗಳ ರಾಶಿ: ಪ್ರತಿ ಸರಪಳಿಯೂ ನಿಜವಾಗಿ ಒಂದು, ಪೈಪು ಅವು ಅಂಟಿಕೊಂಡ ಗುಂಪು. ಬೇಕಲೈಟ್ ಹೋಲ್ಡರಿನ ಕಪ್ಪು ಭಾಗ ಹಾಗಲ್ಲ, ಅದರ ರಾಳವೆಲ್ಲ ಹೆಚ್ಚುಕಡಿಮೆ ಒಂದೇ ಅಣು. ಎರಡನ್ನೂ ಪ್ಲಾಸ್ಟಿಕ್ ಎಂದೇ ಕರೆಯುತ್ತೇವೆ.

ನನ್ನ ಮತ ನೈಯಾಯಿಕರ ಕಡೆಗೇ. ಆದರೆ ಕಾರಣದ ಗುಣವೇ ಕಾರ್ಯಕ್ಕೆ ಇಳಿಯುತ್ತದೆ, ಕೆಂಪು ನೂಲಿನಿಂದ ಕೆಂಪು ಬಟ್ಟೆ ಎಂಬ ಅವರ ನಿಯಮ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ಅದೇ ಎಥಿಲೀನ್ ಕೊಂಬೆಯೊಡೆದು ಬೆಳೆದರೆ ಹಾಲಿನ ಪ್ಯಾಕೆಟ್ಟಿನ ಮೆತ್ತನೆ ಹಾಳೆ, ನೆಟ್ಟಗೆ ಬೆಳೆದರೆ ಗಟ್ಟಿ ಬಕೆಟ್ಟು. ಸಂಯೋಗವನ್ನು, ಅಂದರೆ ಭಾಗಗಳು ಕೂಡಿಕೊಳ್ಳುವುದನ್ನು, ಅವರು ಅಸಮವಾಯಿ ಕಾರಣವೆಂದು ಭಾಗಗಳ ನಂತರ ಎರಡನೆಯ ಸ್ಥಾನದಲ್ಲಿ ಕೂರಿಸಿದರು. ಪಾಲಿಮರ್‌ಗಳ ವಿಷಯದಲ್ಲಂತೂ ಅದಕ್ಕೆ ಮೊದಲ ಮಣೆ ಸಲ್ಲಬೇಕು.