ಕಲಸಿದ ಶಾಸ್ತ್ರ

ಇಸ್ಪೀಟಿನ ಎಲೆ ಕಲಸುವುದಕ್ಕೂ ಮೊಬೈಲಿನಲ್ಲಿ ಹಾಡುಗಳ ಸರದಿ ಅದಲುಬದಲು ಮಾಡುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಮಾತು: ಶಫಲ್. ಮಂತ್ರಿಗಳ ಖಾತೆ ಬದಲಾದರೆ ರೀಶಫಲ್. 16ನೇ ಶತಮಾನದಿಂದ ಬಳಕೆಯಲ್ಲಿರುವ ಈ ಕ್ರಿಯಾಪದದ ಬೇರು ಉತ್ತರ ಜರ್ಮನಿಯ ಆಡುನುಡಿಯಲ್ಲಿರಬೇಕು ಎನ್ನುತ್ತವೆ ನಿಘಂಟುಗಳು. ಅಲ್ಲಿ ಅದರರ್ಥ ಕಾಲೆಳೆದುಕೊಂಡು ನಡೆಯುವುದು. ನೂಕುವುದಕ್ಕಿರುವ ಶವ್, ಸಲಿಕೆಗಿರುವ ಶವೆಲ್ ಇದರ ದಾಯಾದಿಗಳು. ನೇರ ಉತ್ತರ ಕೊಡದೆ ನುಣುಚಿಕೊಳ್ಳುವುದಕ್ಕೂ ಇಂಗ್ಲಿಷರು ಇದನ್ನೇ ಬಳಸಿದ್ದುಂಟು. ಅಂತೂ ಹುಟ್ಟಾ ಸ್ವಲ್ಪ ಮೈಗಳ್ಳ ಪದ.

ಕಲಸುವವರು ಮೈಗಳ್ಳರಾದರೆ ಏನಾಗುತ್ತದೆ ಎಂಬುದನ್ನು ಅಮೆರಿಕ 1969ರಲ್ಲಿ ಕಂಡಿತು. ವಿಯೆಟ್ನಾಂ ಯುದ್ಧದ ಕಾಲ. ಯಾವ ತರುಣರನ್ನು ಮೊದಲು ಸೇನೆಗೆ ಕರೆಯಬೇಕು ಎಂದು ತೀರ್ಮಾನಿಸಲು ಡಿಸೆಂಬರ್ 1ರಂದು ವಾಷಿಂಗ್ಟನ್ನಿನಲ್ಲಿ ಚೀಟಿ ಎತ್ತಿದರು. 366 ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಒಂದೊಂದರಲ್ಲೂ ಒಂದು ಹುಟ್ಟಿದ ತಾರೀಕು. ಮೊದಲು ಸಿಕ್ಕಿದ್ದು ಸೆಪ್ಟೆಂಬರ್ 14. ಟೀವಿಯಲ್ಲಿ ಇಡೀ ದೇಶ ನೋಡುತ್ತಿತ್ತು. ಮೋಸಕ್ಕೆ ಎಡೆಯೇ ಇರಲಿಲ್ಲ. ಮೋಸ ನಡೆಯಲೂ ಇಲ್ಲ. ಆದರೆ ಡಬ್ಬಿಗಳನ್ನು ತಿಂಗಳ ಸರದಿಯಲ್ಲೇ ಪೆಟ್ಟಿಗೆಗೆ ಸುರಿದಿದ್ದರು. ಜನವರಿಯ ತಾರೀಕುಗಳು ಪ್ರತಿ ತಿಂಗಳೊಡನೆ ಮತ್ತೆ ಮತ್ತೆ ಕಲೆತವು, ಕಡೆಗೆ ಬಂದ ಡಿಸೆಂಬರಿಗೆ ಸಿಕ್ಕಿದ್ದು ಒಂದೇ ಸುತ್ತು. ಆಮೇಲೆ ಗಾಜಿನ ಜಾಡಿಗೆ ಸುರಿದಾಗಲೂ ಆ ಸರದಿ ಪೂರ್ತಿ ಅಳಿಯಲಿಲ್ಲ. ಚೀಟಿ ಎತ್ತಿದ ಸರದಿಯಲ್ಲೇ ಸೇನೆ 195ನೇ ಸಂಖ್ಯೆಯವರೆಗೆ ಕರೆಯಿತು. ಡಿಸೆಂಬರಿನ 31 ತಾರೀಕುಗಳಲ್ಲಿ ಪಾರಾದದ್ದು ಐದೇ ಐದು. ಚೆನ್ನಾಗಿ ಕಲಸಿದ್ದರೆ ಹದಿನಾಲ್ಕರ ಆಸುಪಾಸು ಪಾರಾಗಬೇಕಿತ್ತು. ಅಂಕಿಅಂಶ ಬಲ್ಲವರು ಕೂಡಲೇ ತಕರಾರು ತೆಗೆದರು.

ಕೈಗೆ ಕಲಸಿದಂತೆ ಅನಿಸುವುದೇ ಬೇರೆ, ನಿಜವಾಗಿ ಕಲೆಯುವುದೇ ಬೇರೆ. 52 ಎಲೆಗಳ ಕಟ್ಟನ್ನು ಎರಡು ಭಾಗ ಮಾಡಿ ಪರಪರನೆ ಬೆಸೆಯುವ ಕ್ರಮದಲ್ಲಿ ಏಳು ಸುತ್ತಾದರೂ ಬೇಕು ಎಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ 1992ರಲ್ಲಿ ತೋರಿಸಿದರು. ನಮ್ಮ ರಮ್ಮಿ ಮಂಡಳಿಗಳಲ್ಲಿ ಎಷ್ಟು ಜನಕ್ಕೆ ಅಷ್ಟು ತಾಳ್ಮೆಯೋ! ಎರಡು ಸಲ ಕಲಸುವಷ್ಟರಲ್ಲಿ ‘ಹಾಕು ಮಾರಾಯ’ ಅನ್ನುವವರೇ ಹೆಚ್ಚು.

ಆ ಚೀಟಿ ಎತ್ತಿದ ಮರುವರ್ಷ ಅಮೆರಿಕನ್ನರು ತಾರೀಕಿಗೊಂದು, ಸಂಖ್ಯೆಗೊಂದು ಎಂದು ಎರಡು ಪೀಪಾಯಿ ಇಟ್ಟು ತಿರುಗಿಸಿದರು. 1969ರ ಪಟ್ಟಿಯನ್ನು ಮಾತ್ರ ರದ್ದು ಮಾಡಲಿಲ್ಲ. ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರನ್ನು ಅದೇ ಸರದಿಯಲ್ಲಿ ಕರೆದರು.