ಆಡದ ಮಕ್ಕಳು: ಹೊಣೆ ಯಾರದು?

ಹದಿಹರೆಯದವರು ಮೈ ಬಳಲಿಸುವುದಿಲ್ಲ, ಕೂತಲ್ಲೇ ಕೂತಿರುತ್ತಾರೆ ಎಂಬುದು ಮನೆಮನೆಯ ದೂರು. ಈ ದೂರಿನೊಳಗೆ ಹಳೆಯದೊಂದು ತಾತ್ವಿಕ ಪ್ರಶ್ನೆಯಿದೆ: ಅಭ್ಯಾಸವನ್ನು ರೂಪಿಸುವುದು ಮನುಷ್ಯನ ಸಂಕಲ್ಪವೋ, ಅವನು ಬೆಳೆಯುವ ಜಾಗವೋ? ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 146 ದೇಶಗಳ ಮಾಹಿತಿ ಕಲೆಹಾಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶಾಲೆಗೆ ಹೋಗುವ 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿಗೆ ದಿನಕ್ಕೆ ಬೇಕಾದ ಒಂದು ಗಂಟೆಯ ಚಟುವಟಿಕೆ ಸಿಗುತ್ತಿಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇ. 78, ಹುಡುಗಿಯರಲ್ಲಿ ಶೇ. 85. ಐವರಲ್ಲಿ ನಾಲ್ವರನ್ನು ಸೋಮಾರಿಗಳೆಂದು ಕರೆದರೆ ಏನನ್ನೂ ವಿವರಿಸಿದಂತಾಗುವುದಿಲ್ಲ.

ಮಾಡಿ ಮಾಡಿಯೇ ಗುಣ ಮೈಗೂಡುತ್ತದೆ ಎಂದ ಅರಿಸ್ಟಾಟಲ್, ಪ್ರಜೆಗಳಲ್ಲಿ ಒಳ್ಳೆಯ ಅಭ್ಯಾಸ ಬೆಳೆಸುವುದು ಶಾಸನ ಮಾಡುವವರ ಕೆಲಸವೆಂದೂ ಹೇಳಿದ. ಪತಂಜಲಿಯ ಯೋಗಸೂತ್ರದಲ್ಲಿ ಅಭ್ಯಾಸ ಗಟ್ಟಿಯಾಗಲು ದೀರ್ಘಕಾಲವೂ ಬೇಕು, ನಡುವೆ ಕಡಿಯದಂತೆಯೂ ಇರಬೇಕು, ಶ್ರದ್ಧೆಯೂ ಬೇಕು. ಶ್ರದ್ಧೆ ಒಳಗಿನದು, ಕಡಿಯದೆ ನಡೆಯುವುದು ಮಾತ್ರ ಹೊರಗಿನ ಅನುಕೂಲವನ್ನೂ ಬೇಡುತ್ತದೆ. ಪರಿಸರವು ಪ್ರಾಣಿಯ ಮುಂದೆ ಕ್ರಿಯೆಯ ಸಾಧ್ಯತೆಗಳನ್ನು ಇಡುತ್ತದೆ ಎಂದು ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ 1979ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಬಯಲು ಕಂಡರೆ ಓಡಬೇಕೆನಿಸುತ್ತದೆ. ಚಪ್ಪಡಿ ಕಿತ್ತುಹೋಗಿ, ಸ್ಕೂಟರ್‌ಗಳು ನಿಂತ ಫುಟ್‌ಪಾತ್ ಕಂಡರೆ ಮನೆಗೆ ಮರಳಬೇಕೆನಿಸುತ್ತದೆ.

ಬೆಂಗಳೂರಿನಲ್ಲಿ ಬಯಲಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಆಸ್ಪತ್ರೆಗಾಗಿ ಖಾಸಗಿ ಟ್ರಸ್ಟ್‌ಗೆ ಹಂಚಿದಾಗ ನಿವಾಸಿಗಳು ದಾವೆ ಹೂಡಿದರು. ಅಂಥ ಜಾಗವನ್ನು ಹೀಗೆ ಪರಭಾರೆ ಮಾಡುವಂತಿಲ್ಲ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಆಗಿದ್ದರಿಂದ ಈ ತೀರ್ಪಿಗೆ ವಿಶೇಷ ತೂಕವಿದೆ: ಬಯಲು ಬೇರೊಂದು ಉಪಯೋಗಕ್ಕಾಗಿ ಕಾದಿರುವ ಖಾಲಿ ಜಾಗವಲ್ಲ. ಆದರೆ ಉದ್ಯಾನ ಉಳಿದ ಮಾತ್ರಕ್ಕೆ ಹದಿನಾಲ್ಕರ ಹುಡುಗನಿಗೆ ಆಟ ಸಿಗುವುದಿಲ್ಲ. ನಗರದ ಎಷ್ಟೋ ಪಾರ್ಕುಗಳು ವಾಕಿಂಗ್ ಮಾಡುವ ಹಿರಿಯರಿಗೆ ಹೊಂದಿಕೊಂಡಿವೆ. ಚೆಂಡಾಟ ನಿಷೇಧಿಸಿದೆ ಎಂಬ ಫಲಕ ಗೇಟಿನಲ್ಲೇ ಎದುರಾಗುತ್ತದೆ. ಜಾರುಬಂಡೆ ಚಿಕ್ಕವರಿಗೆ, ಬೆಂಚು ದೊಡ್ಡವರಿಗೆ. ನಡುವಿನ ವಯಸ್ಸಿಗೆ ಜಾಗವಿಲ್ಲ.

ಅಮರ್ತ್ಯ ಸೇನ್ ಅವರ ಸಾಮರ್ಥ್ಯ ಸಿದ್ಧಾಂತ ಇಲ್ಲಿ ನೇರವಾಗಿ ನೆರವಾಗುತ್ತದೆ. ಸೌಲಭ್ಯ ಇದೆಯೇ ಎಂಬುದಕ್ಕಿಂತ, ಅದನ್ನು ಬಳಸಿ ಏನು ಮಾಡಲು ನಿಜವಾಗಿ ಸಾಧ್ಯ ಎಂಬುದನ್ನು ಅವರು ಕೇಳುತ್ತಾರೆ. ಒಂದೇ ಬೀದಿ ಅಣ್ಣನಿಗೆ ಕ್ರಿಕೆಟ್ ಅಂಗಳ. ದೀಪವಿಲ್ಲದ ಸಂಜೆಯಲ್ಲಿ ತಂಗಿಗೆ ಬೇಗ ದಾಟಿ ಮನೆ ಸೇರಬೇಕಾದ ಹಾದಿ. ಮೈದಾನ ಎಷ್ಟು ಹತ್ತಿರವಿದೆ ಎಂಬ ಅಳತೆಯಲ್ಲಿ ಈ ಅಂತರ ಕಾಣುವುದೇ ಇಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ಎಂಟನೇ ತರಗತಿಯವರಿಗೆ 2006-07ರಿಂದ ಕೊಡಲಾದ ಸೈಕಲ್‌ಗಳನ್ನೂ ಹೀಗೆಯೇ ತೂಗಬೇಕು. ಸೈಕಲ್ ಇದ್ದ ಹುಡುಗಿಗೆ ಅದನ್ನು ಅಂಜದೆ ತುಳಿಯುವ ರಸ್ತೆಯೂ ಇದ್ದಾಗ ಶಾಲೆಯ ದಾರಿಯೇ ವ್ಯಾಯಾಮವಾಗುತ್ತದೆ.

ಹಾಗೆಂದು ಎಲ್ಲವನ್ನೂ ಬೀದಿಯ ತಲೆಗೆ ಕಟ್ಟಲಾಗದು. ನಡೆದಾಡಲು ಅನುಕೂಲವಾದ ಬಡಾವಣೆಯ ಮಕ್ಕಳು ಹೆಚ್ಚು ಚುರುಕಾಗಿ ಕಂಡರೆ, ಓಡಾಟ ಇಷ್ಟಪಡುವ ಕುಟುಂಬಗಳೇ ಅಲ್ಲಿ ಮನೆ ಮಾಡಿರಲೂಬಹುದು. ವ್ಯಾಯಾಮದ ಕೊರತೆ ಮತ್ತು ಕೂತೇ ಇರುವ ಚಾಳಿ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಬೆಳಿಗ್ಗೆ ಒಂದು ಗಂಟೆ ಓಡಿದವನು ತರಗತಿ, ಟ್ಯೂಷನ್, ಮೊಬೈಲ್ ಎಂದು ಉಳಿದ ದಿನವೆಲ್ಲ ಕೂತಿರಬಹುದು. ಅಲ್ಲಿ ಮೈದಾನಕ್ಕಿಂತ ಮನೆಯ ನಿಯಮ, ಶಾಲೆಯ ವೇಳಾಪಟ್ಟಿ, ಅವನ ಸ್ವಂತ ನಿರ್ಧಾರಗಳ ಪಾತ್ರವೇ ದೊಡ್ಡದು.

ಸಂಕಲ್ಪಕ್ಕೂ ಜಾಗಕ್ಕೂ ಪಾಲಿದೆ ಎಂದ ಮೇಲೆ ಹೊಣೆಯೂ ಹಂಚಿಕೆಯಾಗಬೇಕು. ಸಮನಾಗಿ ಅಲ್ಲ. ಯಾವ ಬಡಾವಣೆಯಲ್ಲಿ ಬೆಳೆಯಬೇಕೆಂದು ಹದಿಹರೆಯದವರು ಆರಿಸಿಕೊಂಡಿರುವುದಿಲ್ಲ. 18 ತುಂಬುವವರೆಗೆ ಅವರಿಗೆ ಮತವೂ ಇಲ್ಲ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕೆಂದು ಗುರುತಿಸುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಹಾಗಾಗಿ ಪಾರ್ಕಿನ ನಿಯಮ ಬರೆಯುವ ಪಾಲಿಕೆ, ಬಡಾವಣೆಯ ನಕ್ಷೆಗೆ ಸಹಿ ಹಾಕುವ ಪ್ರಾಧಿಕಾರ, ಚೆಂಡಿನ ಸದ್ದಿಗೆ ತಕರಾರು ಎತ್ತುವ ನಿವಾಸಿಗಳ ಸಂಘ, ಇವರೆಲ್ಲ ಆ ಮಕ್ಕಳ ಅಭ್ಯಾಸಗಳಿಗೆ ಅವರ ತಂದೆತಾಯಿಯರಷ್ಟೇ ಉತ್ತರ ಹೇಳಬೇಕಾದವರು.